ರಿವೆನ್‌ನ ಐದರ ಮಗ್ಗಿ

ಒಗಟಿನ ಕಂಪ್ಯೂಟರ್ ಗೇಮ್‌ಗಳ ಹುಚ್ಚು ಇರುವ ನಾಲ್ಕು ಜನ ಒಂದು ಕಡೆ ಸೇರಿದರೆ ‘ರಿವೆನ್’ ಹೆಸರು ಬಂದೇ ಬರುತ್ತದೆ. ಬಂದ ಕೂಡಲೇ ಎರಡು ಪಕ್ಷಗಳಾಗುತ್ತವೆ. ‘ಅಂಥ ಗೇಮ್ ಅದಕ್ಕೆ ಮುಂಚೆ ಬರಲಿಲ್ಲ, ಆಮೇಲೂ ಬಂದಿಲ್ಲ’ ಎನ್ನುವವರು ಒಂದು ಕಡೆ. ‘ಅದನ್ನು ಆಡುವುದು ಶಿಕ್ಷೆ, ಉತ್ತರಗಳ ಪುಸ್ತಕ ನೋಡದೆ ಮುಗಿಸಿದೆ ಅನ್ನುವವರನ್ನು ನಾನು ನಂಬುವುದಿಲ್ಲ’ ಎನ್ನುವವರು ಇನ್ನೊಂದು ಕಡೆ. ಈ ಗೇಮ್ ಬಂದು ಕಾಲು ಶತಮಾನ ದಾಟಿದೆ, ಜಗಳ ಮಾತ್ರ ಇನ್ನೂ ಮುಗಿದಿಲ್ಲ. ನಾನು ಮೊದಲ ಪಕ್ಷದವನು. ಆದರೆ ಎರಡನೆಯ ಪಕ್ಷದವರ ದೂರುಗಳಲ್ಲಿ ಅರ್ಧದಷ್ಟು ನಿಜ ಎಂದು ಒಪ್ಪಿಕೊಂಡೇ ಈ ಮಾತು ಶುರು ಮಾಡುತ್ತೇನೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಎಂಬ ಊರಿನ ಹತ್ತಿರ ರ‍್ಯಾಂಡ್ ಮಿಲ್ಲರ್, ರಾಬಿನ್ ಮಿಲ್ಲರ್ ಎಂಬ ಅಣ್ಣತಮ್ಮಂದಿರು ‘ಸಯಾನ್’ ಎಂಬ ಚಿಕ್ಕ ಕಂಪನಿ ಕಟ್ಟಿಕೊಂಡು ಮಕ್ಕಳಿಗಾಗಿ ಗೇಮ್ ಮಾಡುತ್ತಿದ್ದರು. 1993ರಲ್ಲಿ ಅವರು ತಂದ ‘ಮಿಸ್ಟ್’ ಯಾರೂ ನಿರೀಕ್ಷಿಸದಷ್ಟು ಓಡಿತು. ಸಿ.ಡಿ. ಡ್ರೈವ್ ಕೊಂಡವರೆಲ್ಲ ಅದನ್ನು ಕೊಂಡರು ಎನ್ನುವಷ್ಟು. ಒಟ್ಟು 60 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. 2002ರಲ್ಲಿ ‘ದಿ ಸಿಮ್ಸ್’ ಹಿಂದೆ ಹಾಕುವವರೆಗೂ ಅತಿ ಹೆಚ್ಚು ಮಾರಾಟವಾದ ಪಿ.ಸಿ. ಗೇಮ್ ಅದೇ ಆಗಿತ್ತು. ಅದರ ಮುಂದಿನ ಭಾಗ ರಿವೆನ್, 1997ರ ಅಕ್ಟೋಬರ್ 31ಕ್ಕೆ ಬಂತು. ಡಿಸ್ನಿಯ ‘ಅಲ್ಲಾದ್ದೀನ್’ ಚಿತ್ರಕ್ಕೆ ಕೆಲಸ ಮಾಡಿದ್ದ ರಿಚರ್ಡ್ ವ್ಯಾಂಡರ್ ವೆಂಡೆ ಎಂಬ ಕಲಾವಿದ ಈ ಸಲ ರಾಬಿನ್ ಜೊತೆ ಕೂತು ಆ ಲೋಕವನ್ನು ರೂಪಿಸಿದ. ಗೇಮ್ ಬಂದದ್ದು ಐದು ಸಿ.ಡಿ.ಗಳಲ್ಲಿ. ಒಂದು ದ್ವೀಪದಿಂದ ಇನ್ನೊಂದು ದ್ವೀಪಕ್ಕೆ ಹೋಗಬೇಕಾದರೆ ಡ್ರೈವ್ ತೆರೆದು ಡಿಸ್ಕ್ ಬದಲಿಸಬೇಕಿತ್ತು.

ಇದರಲ್ಲಿ ಬಂದೂಕಿಲ್ಲ, ಅಂಕಗಳಿಲ್ಲ, ಗಡಿಯಾರ ಓಡುವುದಿಲ್ಲ. ಒಂದರ ಹಿಂದೆ ಒಂದು ನಿಶ್ಚಲ ಚಿತ್ರ. ಕ್ಲಿಕ್ ಮಾಡಿದರೆ ಒಂದು ಹೆಜ್ಜೆ ಮುಂದೆ. ಗೇನ್ ಎಂಬವನೊಬ್ಬ ಈ ದ್ವೀಪಗಳ ಜನಕ್ಕೆ ತಾನೇ ದೇವರು ಎಂದು ನಂಬಿಸಿ ಆಳುತ್ತಿದ್ದಾನೆ. ಅವನನ್ನು ಹಿಡಿಯಬೇಕು, ಅವನ ಸೊಸೆ ಕ್ಯಾಥರೀನ್‌ಳನ್ನು ಬಿಡಿಸಬೇಕು. ಇಷ್ಟು ಹೇಳಿ ನಮ್ಮನ್ನು ಕಳಿಸುತ್ತಾರೆ. ಆಮೇಲೆ ಯಾರೂ ಏನೂ ಹೇಳುವುದಿಲ್ಲ. ಊರಿನ ಜನ ನಮ್ಮನ್ನು ಕಂಡರೆ ಓಡಿಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಅವರ ಭಾಷೆ ನಮಗೆ ಬರುವುದಿಲ್ಲ.

ನನ್ನ ಪಕ್ಷದ ವಾದವನ್ನೆಲ್ಲ ಒಂದೇ ಕೋಣೆಯಲ್ಲಿ ತೋರಿಸಬಹುದು. ಬಂಡೆಯ ಗೋಡೆಗೆ ಮಡಕೆಗಳ ಹಾಗೆ ಅಂಟಿಕೊಂಡ ಮನೆಗಳ ಒಂದು ಹಳ್ಳಿ. ಅಲ್ಲೊಂದು ಶಾಲೆ. ಮಕ್ಕಳಿಲ್ಲ, ಮೇಷ್ಟ್ರಿಲ್ಲ. ಮಕ್ಕಳಿಗೆ ಆಡಲು ಇಟ್ಟ ಮರದ ಒಂದು ಆಟಿಕೆ ಇದೆ. ಅದರಲ್ಲಿ ಎರಡು ಪುಟ್ಟ ಗೊಂಬೆಗಳು ತಲೆಕೆಳಗಾಗಿ ನೇತಾಡುತ್ತಿವೆ. ಕೆಳಗೆ ಒಂದು ಪ್ರಾಣಿ ಬಾಯಿ ತೆರೆದು ಕಾದಿದೆ. ತಿಮಿಂಗಿಲದಂಥ, ದಂತ ಇರುವ ಆ ಪ್ರಾಣಿಯ ಹೆಸರು ವಾರ್ಕ್. ಹಿಡಿಕೆ ಎಳೆದರೆ ಒಂದು ಚಿಹ್ನೆ ತಿರುಗಿ ಬರುತ್ತದೆ, ಒಂದು ಗೊಂಬೆ ಟಕ್ ಟಕ್ ಎಂದು ಕೆಳಗಿಳಿಯುತ್ತದೆ.

ನಾನೂ ಅಕ್ಕನೂ ಇದನ್ನು ಮೊದಲು ಆಡಿದಾಗ, ಆಟಿಕೆ ಸಿಕ್ಕ ಸಂತೋಷಕ್ಕೆ ನಾನು ಹಿಡಿಕೆಯನ್ನು ಸುಮ್ಮನೆ ಎಳೆಯುತ್ತ ಕೂತಿದ್ದೆ. ಗೊಂಬೆ ಇಳಿಯಿತು, ವಾರ್ಕ್ ಅದನ್ನು ನುಂಗಿತು, ಮತ್ತೆ ಶುರು. ಮೂರನೆಯ ಸಲಕ್ಕೆ ಅಕ್ಕ ನನ್ನ ಕೈ ಮೇಲೆ ಕೈಯಿಟ್ಟಳು. ‘ಲೋ, ಸುಮ್ನೆ ಎಳೀಬೇಡ. ಎಷ್ಟು ಮನೆ ಇಳೀತು ಎಣ್ಸು.’ ಎಣಿಸಿದೆವು. ಒಂದು ನೆಟ್ಟನೆಯ ಗೆರೆ ಬಂದರೆ ಗೊಂಬೆ ಒಂದು ಮನೆ ಇಳಿಯುತ್ತಿತ್ತು. ಒಂದು ಬಾಗಿದ ಗೆರೆ ಬಂದರೆ ಎರಡು. ಅಕ್ಕ ತನ್ನ ಹಳೆಯ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಚಿಹ್ನೆಗಳನ್ನು ಬರೆದು, ಎದುರಿಗೆ ಅಂಕಿ ಹಾಕುತ್ತ ಹೋದಳು. ನಾಲ್ಕರವರೆಗೆ ಎಲ್ಲ ಬೇರೆ ಬೇರೆ ಆಕಾರ. ಐದು ಬಂದಾಗ ನಾನು ‘ಇದು ಒಂದೇ, ಮಲ್ಕೊಂಡಿದೆ’ ಅಂದೆ. ನಿಂತಿದ್ದ ಗೆರೆ ಅಡ್ಡ ಮಲಗಿತ್ತು. ಆರು ಬಂದಾಗ ನಿಂತ ಗೆರೆ, ಮಲಗಿದ ಗೆರೆ ಎರಡೂ ಒಂದರ ಮೇಲೊಂದು ಕೂತು ಕೂಡಿಸುವ ಚಿಹ್ನೆಯಂತೆ ಕಂಡಿತು. ಐದಕ್ಕೆ ಒಂದು ಕೂಡಿಸಿದರೆ ಆರು!

ಆ ಆಟಿಕೆ ಹತ್ತರವರೆಗೆ ಮಾತ್ರ ಕಲಿಸುತ್ತದೆ. ಮುಂದೆ ಬೇಕಾಗುವುದು 25ರವರೆಗೆ. ಆದರೆ ಹತ್ತು ಎಂದರೆ ಮಲಗಿದ ಎರಡು ಎಂದು ಕಂಡುಕೊಂಡ ಮೇಲೆ ಹದಿನೈದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಲಗಿದ ಮೂರು ಅದು. ಇಪ್ಪತ್ತು ಮಲಗಿದ ನಾಲ್ಕು. ಒಂದು, ಎರಡು, ಮೂರು, ನಾಲ್ಕನ್ನು ಮಲಗಿಸುತ್ತ ಹೋದರೆ ಐದರ ಮಗ್ಗಿ ಬರುತ್ತದೆ. ಹದಿನೇಳು ಬೇಕಾದರೆ ಮಲಗಿದ ಮೂರರ ಮೇಲೆ ನಿಂತ ಎರಡನ್ನು ಬರೆದರಾಯಿತು. ಅರ್ಧ ಗಂಟೆಯಲ್ಲಿ ನಾವಿಬ್ಬರೂ ಯಾರ ತಾಯ್ನುಡಿಯೂ ಅಲ್ಲದ ಒಂದು ಲಿಪಿಯ ಅಂಕಿಗಳನ್ನು ಓದಬಲ್ಲವರಾಗಿದ್ದೆವು. ಆಮೇಲೆ ಗೇನ್‌ನ ದಿನಚರಿಯಲ್ಲಿ ಅದೇ ಲಿಪಿಯ ಐದು ಅಂಕಿಗಳು ಸಿಕ್ಕಿದಾಗ, ಅವನ ಚಿನ್ನದ ಬಣ್ಣದ ಗುಮ್ಮಟಗಳ ಬೀಗ ತೆರೆಯಲು ಬೇಕಾದ ಓದು ನಮ್ಮ ಬಳಿ ಆಗಲೇ ಇತ್ತು.

ಕನ್ನಡ ಅಂಕಿಗಳೇ ಗೊತ್ತಿಲ್ಲದ ಯಾರಾದರೊಬ್ಬರ ಕೈಗೆ ಒಂದು ಹಳೆಯ ಕನ್ನಡ ಪುಸ್ತಕ ಕೊಟ್ಟು, ಪುಟಗಳನ್ನು ಒಂದೊಂದಾಗಿ ತಿರುವಲು ಹೇಳಿ ನೋಡಿ. ಮೂಲೆಯಲ್ಲಿ ೧, ೨, ೩ ಎಂದು ಬರುತ್ತ ಹೋಗುತ್ತದೆ. ೬ಕ್ಕೂ ೯ಕ್ಕೂ ನಡುವೆ ಒಮ್ಮೆ ಎಡವಿದರೂ ೧೦ ಬರುವ ಹೊತ್ತಿಗೆ ಅವರಿಗೆ ಅಂಕಿಗಳು ತಿಳಿದಿರುತ್ತವೆ. ೨೩ರ ಹೊತ್ತಿಗೆ ಅವರೇ ಮುಂದಿನದನ್ನು ಹೇಳುತ್ತಾರೆ. ಕಲಿಸುವವರು ಯಾರೂ ಇರಲಿಲ್ಲ, ಆದರೂ ಕಲಿತರು. ರಿವೆನ್ ಕೇಳುವುದು ಇಂಥ ಕಲಿಕೆಯನ್ನು. ಅದು ಕಷ್ಟ ಹೌದು. ಆದರೆ ಹೊಸ ಊರಿಗೆ ಹೋದವರಿಗೆ ಆ ಊರು ಕಷ್ಟವಾಗುವ ಬಗೆಯ ಕಷ್ಟ ಅದು.

ಆ ಶಾಲೆಯ ಕೋಣೆಯಲ್ಲಿ ಇನ್ನೊಂದು ವಿಷಯವೂ ಇದೆ. ಹೊರಗೆ ಬಂದು ಹಳ್ಳಿಯ ಕೆಳಗಿನ ನೀರನ್ನು ನೋಡಿದರೆ ಅಲ್ಲಿ ಮನುಷ್ಯರ ಅಳತೆಯ ನೇಣುಗಂಬ ನಿಂತಿದೆ. ಆಟಿಕೆಯಲ್ಲಿದ್ದದ್ದೇ ಅದು. ಗೇನ್‌ನ ಮಾತು ಕೇಳದವರನ್ನು ವಾರ್ಕ್‌ಗೆ ಹಾಕುತ್ತಾರೆ ಎಂದು ಆಗ ತಿಳಿಯುತ್ತದೆ. ಆ ದೊರೆ ಮಕ್ಕಳಿಗೆ ಲೆಕ್ಕ ಕಲಿಸುವ ಆಟಿಕೆಯಲ್ಲೇ ಭಯವನ್ನೂ ಕಲಿಸಿದ್ದಾನೆ. ನಾನು ನಗುತ್ತ ಹಿಡಿಕೆ ಎಳೆದದ್ದನ್ನು ನೆನೆದು ಅವತ್ತು ಹೊಟ್ಟೆಯಲ್ಲಿ ಹೇಗೋ ಆಯಿತು. ಒಗಟು ಬಿಡಿಸಿದ್ದಕ್ಕೆ ಬಾಗಿಲು ತೆರೆಯಿತು, ಅದೇ ಒಗಟಿನಿಂದ ಆ ಜನರ ಬದುಕೂ ಕಂಡಿತು. ರಿವೆನ್ ಮೆಚ್ಚುವವರು ‘ಒಗಟು ಬೇರೆ, ಕತೆ ಬೇರೆ ಅಲ್ಲ’ ಎಂದು ಮತ್ತೆ ಮತ್ತೆ ಹೇಳುವುದು ಇದನ್ನೇ.

ರಿವೆನ್‌ನ ಹಿಂದುಮುಂದೆ ಬಂದ ಬೇರೆ ಸಾಹಸದ ಗೇಮ್‌ಗಳ ಕಷ್ಟ ಹೇಗಿತ್ತು ಎಂದು ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. 1984ರ ‘ಕಿಂಗ್ಸ್ ಕ್ವೆಸ್ಟ್’ನಲ್ಲಿ ಒಬ್ಬ ಕುಳ್ಳನ ಹೆಸರನ್ನು ಹೇಳಬೇಕು. ಯುರೋಪಿನ ಅಜ್ಜಿಕತೆ ಗೊತ್ತಿದ್ದವರಿಗೆ ರಂಪಲ್‌ಸ್ಟಿಲ್ಟ್‌ಸ್ಕಿನ್ ಎಂದು ಹೊಳೆಯಬಹುದು. ಅಷ್ಟು ಸಾಲದು, ಇಂಗ್ಲಿಷ್ ಅಕ್ಷರಮಾಲೆಯನ್ನು ತಿರುವುಮುರುವು ಮಾಡಿ ಆ ಹೆಸರನ್ನು ಹೊಸದಾಗಿ ಬರೆಯಬೇಕು! 1991ರ ‘ಮಂಕಿ ಐಲೆಂಡ್ 2’ರಲ್ಲಿ ಪಂಪಿನ ನಲ್ಲಿ ತಿರುಗಿಸಲು ಪಾನಾ ಬೇಕು. ಪಾನಾ ಎಲ್ಲೂ ಸಿಗುವುದಿಲ್ಲ. ಪಿಯಾನೊ ಬಾರಿಸುವ ಒಂದು ಕೋತಿಯನ್ನು ಬಾಳೆಹಣ್ಣು ತೋರಿಸಿ ಮರುಳುಮಾಡಿ, ಅದನ್ನೇ ಎತ್ತಿಕೊಂಡು ಬಂದು ಪಾನಾದ ಹಾಗೆ ಬಳಸಬೇಕು. ಅಮೆರಿಕದಲ್ಲಿ ಒಂದು ಬಗೆಯ ಪಾನಾಕ್ಕೆ ‘ಮಂಕಿ ರೆಂಚ್’ ಎಂಬ ಹೆಸರಿದೆ, ಒಗಟು ನಿಂತಿರುವುದು ಆ ಹೆಸರಿನ ಮೇಲೆ. ಸ್ಪ್ಯಾನರ್ ಎನ್ನುವ ಬ್ರಿಟನ್ನಿನವರಿಗೇ ಅದು ಹೊಳೆಯಲಿಲ್ಲ ಎಂದ ಮೇಲೆ ನಮ್ಮ ಗ್ಯಾರೇಜಿನಲ್ಲಿ ಪಾನಾ ಹಿಡಿದು ಬೆಳೆದ ಹುಡುಗನಿಗೆ ಹೇಗೆ ಹೊಳೆಯಬೇಕು? 1999ರ ‘ಗೇಬ್ರಿಯಲ್ ನೈಟ್ 3’ರದ್ದಂತೂ ಎಲ್ಲರ ಬಾಯಲ್ಲಿರುವ ಉದಾಹರಣೆ. ಬೇರೊಬ್ಬನ ವೇಷ ಹಾಕಿ ಬೈಕ್ ಬಾಡಿಗೆಗೆ ಪಡೆಯಲು ಬೆಕ್ಕಿನ ಕೂದಲನ್ನು ಟೇಪಿನಲ್ಲಿ ಹಿಡಿದು, ಸಿಹಿಪಾಕದಲ್ಲಿ ಅಂಟಿಸಿ ಮೀಸೆ ಮಾಡಿಕೊಳ್ಳಬೇಕು. ಆ ಬೇರೊಬ್ಬನಿಗೆ ಮೀಸೆಯೇ ಇಲ್ಲ, ಅವನ ಪಾಸ್‌ಪೋರ್ಟಿನ ಫೋಟೊಗೆ ನಾವೇ ಪೆನ್ನಿನಿಂದ ಮೀಸೆ ಬರೆಯಬೇಕು.

ಈ ಒಗಟುಗಳಲ್ಲಿ ಆಟಗಾರ ಹುಡುಕುವುದು ಗೇಮ್ ಬರೆದವನ ತಲೆಯೊಳಗೆ ಏನಿತ್ತು ಎಂಬುದನ್ನು. ಉತ್ತರ ತಿಳಿದ ಮೇಲೂ ‘ಹೌದಲ್ಲ!’ ಅನ್ನಿಸುವುದಿಲ್ಲ. ರಿವೆನ್‌ನ ಆಟಿಕೆಯ ಮುಂದೆ ಸ್ಪೋಕೇನ್‌ನ ಹುಡುಗ, ಮೈಸೂರಿನ ಹುಡುಗಿ ಇಬ್ಬರೂ ಒಂದೇ ಗೆರೆಯಿಂದ ಓಟ ಶುರು ಮಾಡುತ್ತಾರೆ. ಇಂಗ್ಲಿಷ್ ನುಡಿಗಟ್ಟು ಬೇಕಿಲ್ಲ, ಅವರ ಅಜ್ಜಿಕತೆ ಬೇಕಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದದ ನಮ್ಮಂಥವರಿಗೆ ಇದು ಸಣ್ಣ ವಿಷಯವಾಗಿರಲಿಲ್ಲ. ದಿನಚರಿಗಳ ಇಂಗ್ಲಿಷನ್ನು ನಿಘಂಟು ಹಿಡಿದು ಓದಬೇಕಾಯಿತು, ನಿಜ. ಆದರೆ ಯೋಚನೆಯಲ್ಲಿ ನಾವು ಯಾರಿಗೂ ಹಿಂದೆ ಇರಲಿಲ್ಲ.

ಇನ್ನು ಎದುರು ಪಕ್ಷದವರ ದೂರುಗಳು.

ಮೊದಲನೆಯದು ಬಾಗಿಲಿನದು. ಒಂದು ದ್ವೀಪದಲ್ಲಿ ದೊಡ್ಡ ಜೋಡಿ ಬಾಗಿಲು ತೆರೆದು ಒಳಗೆ ಹೋಗುತ್ತೀರಿ. ಮುಂದೆ ಹೋಗಿ ಎಲ್ಲ ಹುಡುಕುತ್ತೀರಿ, ದಾರಿ ಇಲ್ಲ. ಗಂಟೆಗಳು ಕಳೆಯುತ್ತವೆ. ಕೊನೆಗೆ ಗೊತ್ತಾಗುವುದೇನೆಂದರೆ, ಒಳಗೆ ಬಂದ ಮೇಲೆ ತಿರುಗಿ ಆ ಬಾಗಿಲನ್ನು ಮುಚ್ಚಬೇಕಿತ್ತು. ತೆರೆದ ಬಾಗಿಲ ರೆಕ್ಕೆಗಳ ಹಿಂದೆ ಎರಡು ಸುರಂಗಗಳು ಮರೆಯಾಗಿದ್ದವು. ಇಲ್ಲಿ ತಿಳಿದುಕೊಳ್ಳುವುದು ಏನೂ ಇಲ್ಲ, ಆ ಜನರ ಬಗ್ಗೆ ಏನೂ ಗೊತ್ತಾಗುವುದಿಲ್ಲ. ನಿಜವಾಗಿ ಕಾಲಿನಿಂದ ನಡೆಯುತ್ತಿದ್ದರೆ ಬಾಗಿಲ ಹಿಂದೆ ಕಣ್ಣು ಹೋಗುತ್ತಿತ್ತೇನೋ. ನಿಶ್ಚಲ ಚಿತ್ರಗಳಲ್ಲಿ ಗೇಮ್ ತೋರಿಸಿದ ಕಡೆ ಮಾತ್ರ ನೋಡಲು ಆಗುತ್ತದೆ. ಇದನ್ನು ಅನ್ಯಾಯ ಎಂದವರ ಜೊತೆ ನಾನೂ ಇದ್ದೇನೆ. ಬೀಗ ಹಾಕಿದ ಗೇಟಿನ ಕೆಳಗೆ ತೆವಳಿಕೊಂಡು ಹೋಗುವ ಜಾಗವೊಂದಿದೆ. ಅದನ್ನೂ ಜನ ಬೈಯುತ್ತಾರೆ, ನಾನು ಬೈಯುವುದಿಲ್ಲ. ಗೇಟಿನ ಕೆಳಗೆ ಸಂದು ಇದ್ದರೆ ನುಸುಳಿ ಹೋಗುವುದು ಹಳ್ಳಿಯ ಯಾವ ಮಗುವಿಗಾದರೂ ಗೊತ್ತು.

ಎರಡನೆಯ ದೂರು ಪ್ರಾಣಿಗಳ ಒಗಟಿನದು. ಕಾಡಿನ ದ್ವೀಪದ ಅಲ್ಲಲ್ಲಿ ಕಲ್ಲಿಗೆ ಕೂರಿಸಿದ ಮರದ ಗುಂಡುಗಳಿವೆ. ತಿರುಗಿಸಿದರೆ ಒಂದು ಪ್ರಾಣಿಯ ಕೂಗು ಕೇಳುತ್ತದೆ, ಗುಂಡಿನ ಹಿಂಬದಿಯಲ್ಲಿ ಒಂದು ಅಂಕಿ ಕೆತ್ತಿದೆ. ಯಾವ ಕೂಗು ಯಾವ ಪ್ರಾಣಿಯದು ಎಂದು ತಿಳಿಯಲು ಆ ಪ್ರಾಣಿಯನ್ನು ಬೇರೆಲ್ಲೋ ನೋಡಿರಬೇಕು, ಕೇಳಿರಬೇಕು. ನೀರಿನ ಬದಿಯ ಬಂಡೆಗಳ ಮೇಲೆ ಬಿಸಿಲು ಕಾಯಿಸುವ ಸನ್ನರ್ ಎಂಬ ಪ್ರಾಣಿಗಳಿವೆ. ಹತ್ತಿರ ಹೋದರೆ ತಲೆಯೆತ್ತಿ ಕೂಗಿ ನೀರಿಗೆ ಧುಮುಕಿಬಿಡುತ್ತವೆ. ಆ ಕೂಗನ್ನು ನೆನಪಿಟ್ಟುಕೊಂಡಿದ್ದರೆ ಮುಂದೆ ಗುಂಡು ತಿರುಗಿಸಿದಾಗ ಮೈ ಜುಮ್ಮೆನ್ನುತ್ತದೆ. ಇದರ ಜೊತೆಗೆ ಕೆಲವು ಕಡೆ ಒಂದು ನಿರ್ದಿಷ್ಟ ಜಾಗದಲ್ಲಿ ನಿಂತು ನೋಡಿದರೆ ಬಂಡೆಯ ಅಂಚೂ ನೀರಿನ ಅಂಚೂ ಸೇರಿ ಒಂದು ಪ್ರಾಣಿಯ ಆಕಾರವಾಗುತ್ತದೆ, ಮರದ ಗುಂಡು ಅದರ ಕಣ್ಣು. ಗೇನ್‌ಗೆ ತಿಳಿಯದ ಹಾಗೆ, ಅವನ ವಿರುದ್ಧ ಬಂಡೆದ್ದ ಜನ ತಮ್ಮವರಿಗೆ ಬಿಟ್ಟ ಗುರುತು ಇದು. ‘ಇಷ್ಟೆಲ್ಲ ಯಾರಿಗೆ ಹೊಳೆಯುತ್ತದೆ?’ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ. ಗೇನ್‌ಗೂ ಹೊಳೆಯಬಾರದು ಎಂದೇ ಮಾಡಿದ್ದು. ಅಲ್ಲಮನ ಬೆಡಗಿನ ವಚನ, ಕನಕದಾಸರ ಮುಂಡಿಗೆ ಇವುಗಳ ಜೊತೆ ಬೆಳೆದ ನಮಗೆ, ಬೇಕಾದವರಿಗೆ ಮಾತ್ರ ತೆರೆದುಕೊಳ್ಳುವ ಮಾತು ಹೊಸದಲ್ಲ. ಬೆಡಗು ಬಿಡಿಸುವವನು ಆ ಪರಂಪರೆಯ ಪರಿಭಾಷೆಯನ್ನು ಮೊದಲು ತಿಳಿದಿರಬೇಕು. ಇಲ್ಲೂ ಅಷ್ಟೆ.

ಮೂರನೆಯದು ಬಣ್ಣದ ಗೋಲಿಗಳ ಒಗಟು. ಇದರ ಬಗ್ಗೆ ನನ್ನದು ಎರಡು ಮನಸ್ಸು. ಬೇರೆ ಬೇರೆ ದ್ವೀಪಗಳಲ್ಲಿರುವ ಐದು ಗುಮ್ಮಟಗಳ ಜಾಗವನ್ನು ಸೂಜಿಗಳು ಎದ್ದು ನಿಂತು ಮಾಡುವ ಒಂದು ನಕ್ಷೆಯಲ್ಲಿ ಗುರುತಿಸಬೇಕು. ಪ್ರತಿ ಗುಮ್ಮಟದ ಚಿಹ್ನೆಗೆ ಯಾವ ಬಣ್ಣ ಎಂಬುದನ್ನು ನೀರಿನ ಕೆಳಗಿನ ಒಂದು ಕೋಣೆಯಲ್ಲಿ ಕಂಡುಕೊಳ್ಳಬೇಕು. ಅಲ್ಲಿ ಒಂದು ಬಣ್ಣದ ದೀಪ ಕೆಟ್ಟಿದೆ, ಉಳಿದವನ್ನು ಕಳೆದು ಆ ಬಣ್ಣವನ್ನು ನಾವೇ ತರ್ಕಿಸಬೇಕು. ಕೊನೆಗೆ 25 ಅಡ್ಡ, 25 ಉದ್ದದ, ಅಂದರೆ 625 ಮನೆಗಳ ಹಾಸಿನ ಮೇಲೆ ಸರಿಯಾದ ಗೋಲಿಯನ್ನು ಸರಿಯಾದ ಕುಳಿಯಲ್ಲಿ ಇಡಬೇಕು. ನಾನು ಇಂದಿಗೂ ಆ ಕಲ್ಪನೆಗೆ ತಲೆಬಾಗುತ್ತೇನೆ. ಇಡೀ ದ್ವೀಪಸಮೂಹವೇ ಒಂದು ಹಲಗೆಯ ಮೇಲೆ ಕೂಡಿಬರುತ್ತದೆ. ಆದರೆ ಒಂದು ಗೋಲಿ ಒಂದೇ ಮನೆ ಪಕ್ಕಕ್ಕೆ ಹೋದರೂ ಏನೂ ಆಗುವುದಿಲ್ಲ, ಎಲ್ಲಿ ತಪ್ಪಾಯಿತು ಎಂಬ ಸುಳಿವೂ ಇಲ್ಲ. ಯೋಚನೆ ಪೂರ್ತಿ ಸರಿಯಿದ್ದು, ನಕ್ಷೆ ಎಣಿಸುವಾಗ ಒಂದು ಮನೆ ತಪ್ಪಿದವನಿಗೂ ಏನೂ ತಿಳಿಯದೆ ಗೋಲಿ ಇಟ್ಟವನಿಗೂ ಸಿಗುವ ಉತ್ತರ ಒಂದೇ, ಮೌನ. ಅರ್ಥ ಮಾಡಿಕೊಂಡವನನ್ನು ಅವನ ಅರ್ಥವನ್ನೇ ಅನುಮಾನಿಸುವಂತೆ ಮಾಡುವುದು ಒಗಟಿನ ದೋಷ ಎಂದೇ ನನ್ನ ತೀರ್ಮಾನ. 2018ರಲ್ಲಿ ಲ್ಯೂಕಸ್ ಪೋಪ್ ಮಾಡಿದ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ ಇದಕ್ಕೆ ಒಳ್ಳೆಯ ದಾರಿ ಕಂಡುಕೊಂಡಿತು. ಹಡಗಿನಲ್ಲಿದ್ದ 60 ಜನರಿಗೆ ಏನಾಯಿತು ಎಂದು ಕಂಡುಹಿಡಿಯಬೇಕಾದ ಆ ಗೇಮಿನಲ್ಲಿ ಮೂರು ಉತ್ತರ ಸರಿಯಾದ ಕೂಡಲೇ ಅವನ್ನು ಅಚ್ಚು ಹಾಕಿ ಖಚಿತಪಡಿಸುತ್ತದೆ. ಒಂದೊಂದಾಗಿ ಊಹಿಸಿ ಗೆಲ್ಲಲು ಆಗದು, ಆದರೆ ಸರಿ ಯೋಚಿಸಿದವರಿಗೆ ಭರವಸೆ ಸಿಗುತ್ತದೆ.

ಹೀಗಾಗಿ ಬಹಳ ಜನ ಉತ್ತರಗಳನ್ನು ಹಂತಹಂತವಾಗಿ ಹೇಳಿಕೊಡುವ ವಾಕ್‌ಥ್ರೂ ಪುಸ್ತಕದ ಮೊರೆ ಹೋದರು. ಉತ್ತರ ನೋಡಿ ಆಡಿದವರ ಮಾತುಗಳಲ್ಲಿ ಒಂದು ವಿಷಾದ ಯಾವಾಗಲೂ ಇರುತ್ತದೆ. ಬಾಗಿಲಿನ ಉತ್ತರ ನೋಡಲೆಂದು ಪುಸ್ತಕ ತೆರೆದು ಪಕ್ಕದ ಪುಟದಲ್ಲಿದ್ದ ಪ್ರಾಣಿಗಳ ಉತ್ತರ ಕಣ್ಣಿಗೆ ಬಿತ್ತು ಎನ್ನುತ್ತಾರೆ. ಒಗಟಿನ ಗೇಮ್ ಒಂದು ಜನ್ಮಕ್ಕೆ ಒಂದೇ ಸಲ. ತಿಳಿದದ್ದನ್ನು ಮರೆತು ಮತ್ತೆ ಮೊದಲಿನ ಹಾಗೆ ಶಾಲೆಯ ಕೋಣೆಗೆ ಹೋಗಲು ಆಗುವುದಿಲ್ಲ. ನಾವು ಬಾಗಿಲ ಹತ್ತಿರ ಸಿಕ್ಕಿಬಿದ್ದು ಒಂದು ವಾರವಾದಾಗ ಅಕ್ಕನ ಗೆಳತಿಯೊಬ್ಬಳು, ಅದಾಗಲೇ ಮುಗಿಸಿದ್ದವಳು, ‘ಒಳಗೆ ಬಂದ್ಮೇಲೆ ನಿಮ್ಮನೇಲಿ ಬಾಗ್ಲು ಹಾಕಲ್ವಾ?’ ಎಂದಷ್ಟೇ ಕೇಳಿದಳು. ಅಷ್ಟು ಸಾಕಾಗಿತ್ತು. ಸುಳಿವು ಕೊಡುವುದೂ ಒಂದು ಕಲೆ. ಎಷ್ಟು ಹೇಳಬೇಕು, ಎಲ್ಲಿ ಬಾಯಿ ಮುಚ್ಚಿಕೊಳ್ಳಬೇಕು ಎಂದು ಗೊತ್ತಿರುವವರು ಪಕ್ಕದಲ್ಲಿದ್ದರೆ ಅದಕ್ಕಿಂತ ಒಳ್ಳೆಯ ವಾಕ್‌ಥ್ರೂ ಇಲ್ಲ.

ಅಭಿಮಾನಿಗಳ ಗುಂಪೊಂದು ರಿವೆನ್ ಅನ್ನು ಸ್ವತಂತ್ರವಾಗಿ ಓಡಾಡಬಹುದಾದ ಲೋಕವಾಗಿ ಮರಳಿ ಕಟ್ಟಲು ವರ್ಷಗಟ್ಟಲೆ ದುಡಿಯಿತು. ಕೊನೆಗೆ ಸಯಾನ್ ಕಂಪನಿಯೇ ಆ ಕೆಲಸ ಕೈಗೆತ್ತಿಕೊಂಡು 2024ರ ಜೂನ್ 25ಕ್ಕೆ ಹೊಸ ರಿವೆನ್ ತಂದಿತು. ವಿ.ಆರ್. ಕನ್ನಡಕ ಹಾಕಿಕೊಂಡೂ ಆಡಬಹುದು. ಒಗಟುಗಳಲ್ಲಿ ಹಲವನ್ನು ಬಿಚ್ಚಿ ಹೊಸದಾಗಿ ಕಟ್ಟಿದ್ದಾರೆ. ಹಳೆಯ ಆಟಗಾರರಲ್ಲಿ ಮತ್ತೆ ಎರಡು ಪಕ್ಷಗಳಾದವು. ಮೊದಲಿನ ನಟರ ಮುಖಗಳು ಹೋಗಿ ಕಂಪ್ಯೂಟರ್ ಗೊಂಬೆಗಳು ಬಂದದ್ದು ಹಲವರಿಗೆ ಹಿಡಿಸಲಿಲ್ಲ, ನನಗೂ. ಆದರೆ ಒಗಟು ಬದಲಿಸಿದ್ದನ್ನು ತಪ್ಪು ಎನ್ನುವವರ ಮಾತು ಒಪ್ಪಲಾರೆ. ಉತ್ತರ ಗೊತ್ತಿದ್ದವರಿಗೆ ಮತ್ತೊಮ್ಮೆ ಗೊತ್ತಿಲ್ಲದವರಾಗುವ ಅವಕಾಶ ಅದು. ಒಂದು ಜನ್ಮಕ್ಕೆ ಒಂದೇ ಸಲ ಎಂದುಕೊಂಡಿದ್ದದ್ದು ನಮ್ಮ ಪೀಳಿಗೆಗೆ ಎರಡು ಸಲ ಸಿಕ್ಕಿತು.

ಇನ್ನೂ ಆಡದವರು ಯಾವುದನ್ನಾದರೂ ಆಡಿ, ಹಳೆಯದು, ಹೊಸದು ಎರಡೂ ಸಿಗುತ್ತವೆ. ಪಕ್ಕದಲ್ಲಿ ಒಂದು ನೋಟ್‌ಬುಕ್, ಪೆನ್ಸಿಲ್ ಇರಲಿ. ಕಂಡ ಚಿಹ್ನೆಯನ್ನು, ಕೇಳಿದ ಕೂಗನ್ನು ಬರೆದಿಡಿ. ಸಿಕ್ಕಿಬಿದ್ದರೆ ಕಂಪ್ಯೂಟರ್ ಆರಿಸಿ ಮಲಗಿ, ಬೆಳಿಗ್ಗೆ ನೋಡಿದರಾಯಿತು. ಶಾಲೆಯ ಕೋಣೆ ಸಿಕ್ಕಿದಾಗ ಮಾತ್ರ ಒಬ್ಬರೇ ಕೂರಬೇಡಿ, ಅಕ್ಕನನ್ನೋ ತಮ್ಮನನ್ನೋ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ.